ಬ್ಲೂ ಮೂನ್ ದಿನ ಚಂದ್ರ ನೀಲಿಯಾಗುತ್ತಾನೆಯೇ?

ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆಂದು ಕೊಪ್ಪಳದ ಕಡೆಯವರು ಹೊರಟಾಗ ಮೊಬೈಲಿಗೆ ಆಗಾಗ ಒಂದು ಫಾರ್ವರ್ಡ್ ಬರುತ್ತದೆ: ಇಂದು ಬ್ಲೂ ಮೂನ್, ಚಂದ್ರ ನೀಲಿಯಾಗಿ ಕಾಣುತ್ತಾನೆ ಅಂತ. ಹಾಗೇನೂ ಆಗುವುದಿಲ್ಲ. ಹೆಸರು ಕೇಳಿದರೆ ಯಾರಿಗಾದರೂ ಹಾಗನ್ನಿಸುವುದು ಸಹಜ, ಆದರೆ ಅದು ಬಣ್ಣದ ಮಾತಲ್ಲ, ಎಣಿಕೆಯ ಮಾತು.

ಮೂರು ತಿಂಗಳ ಋತುವಿನಲ್ಲಿ ನಾಲ್ಕು ಹುಣ್ಣಿಮೆ ಬಂದರೆ ಅಮೆರಿಕದ ಹಳೆಯ ಪಂಚಾಂಗವೊಂದು ಮೂರನೆಯದನ್ನು ಬ್ಲೂ ಮೂನ್ ಎನ್ನುತ್ತಿತ್ತು. 1946ರಲ್ಲಿ ಅಲ್ಲಿನ ಖಗೋಳ ಪತ್ರಿಕೆಯ ಲೇಖನವೊಂದು ಇದನ್ನು ತಪ್ಪಾಗಿ ತಿಳಿದು, ಒಂದೇ ತಿಂಗಳ ಎರಡನೇ ಹುಣ್ಣಿಮೆ ಎಂದು ಬರೆಯಿತು. ಆ ಅರ್ಥವೇ ಬಳಕೆಗೆ ಬಂತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ, ಹಾಗಾಗಿ ಕೆಲವೊಮ್ಮೆ ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬರುತ್ತವೆ. ನಮ್ಮ ಅಧಿಕ ಮಾಸ ಹುಟ್ಟುವುದೂ ಈ ಲೆಕ್ಕದಿಂದಲೇ. 2023ರ ಆಗಸ್ಟ್‌ನಲ್ಲಿ ಅಧಿಕ ಶ್ರಾವಣದ ಹುಣ್ಣಿಮೆ, ನೂಲ ಹುಣ್ಣಿಮೆ ಎರಡೂ ಬಂದಿದ್ದವು.

ಚಂದ್ರ ನಿಜಕ್ಕೂ ನೀಲಿಯಾಗಿ ಕಂಡದ್ದುಂಟು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿಯ ಬೂದಿ ಗಾಳಿಯಲ್ಲಿ ಹರಡಿ, ಕೆಂಪು ಬೆಳಕನ್ನು ಚದುರಿಸಿದಾಗ. ಅದಕ್ಕೂ ಹುಣ್ಣಿಮೆಯ ಎಣಿಕೆಗೂ ಸಂಬಂಧವಿಲ್ಲ.

ಫಾರ್ವರ್ಡ್ ಬಂದರೆ ಮೊದಲು ಇಸವಿ ಇದೆಯೇ ನೋಡಿ, ಬಹಳಷ್ಟರಲ್ಲಿ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ಹುಣ್ಣಿಮೆಗಳನ್ನು ಎಣಿಸಿ. ನೀಲಿ ಚಂದ್ರನ ಫೋಟೋ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ, ಅದು ಹಿಂದೆ ಎಲ್ಲೆಲ್ಲಿ ಬಂದಿತ್ತೆಂಬುದು ಸಿಗಬಹುದು.