ಬಿಸಲು ಕಳುವಾದೀತು ಜ್ವಾಕಿ!

ಸೇಡಂ ಕಡೆ ನಮ್ಮೂರಾಗ ಮೊನ್ನೆ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ದೊಡ್ಡ ಮೀಟಿಂಗ್ ಆಯ್ತ್ರಿ, ಊರ ಹೊರಗಿನ ಬೀಳು ಹೊಲದಾಗ ಸೋಲಾರ್ ಬರ್ಲಿಕತ್ತದಂತ, ಅದು ಬ್ಯಾಡ ಅನ್ಲಿಕ್ಕ. ಮೈಕ್ ಹಿಡದ ಕಾಕಾ ಅಂದ್ರು, ಆ ಪ್ಲೇಟ್ ಹಾಕಿದ್ರ ಬಿಸಲೆಲ್ಲಾ ಅವೇ ಎಳ್ಕೊಂಬಿಡ್ತಾವ, ನಮ್ ತೊಗರಿಗೆ ಏನ್ ಉಳಿತದ? ಮೇ ತಿಂಗಳು, ಮಧ್ಯಾಹ್ನ 43 ಡಿಗ್ರಿ, ಬೇವಿನ ಗಿಡದ ನೆಳ್ಳಾಗಿದ್ರೂ ಕಟ್ಟಿ ಕಲ್ಲು ಚುರ್ ಅನ್ಲಿಕತ್ತಿತ್ತು, ಜನ ಟವೆಲ್ ನೆನಸಿ ತಲಿ ಮ್ಯಾಲ ಹಾಕ್ಕೊಂಡು ಕುಂತಾರ, ಅಂಥಾದ್ರಾಗ ಬಿಸಲು ಕಮ್ಮಿ ಬೀಳ್ತದಂತ ಚಿಂತಿ! ಖರೇನೇ ಎಳ್ಕೋತಾವಂದ್ರ ನಮ್ಮನಿ ಅಂಗಳದಾಗೂ ಎರಡು ನಿಲ್ಲಿಸ್ರಿ ಕಾಕಾ ಅಂದೆ. ಯಾರೂ ನಗಲಿಲ್ಲ.

ಹಂಗ ನೋಡಿದ್ರ ಆ ಪ್ಲೇಟಿಗೂ ನಮ್ ಬಿಸಲು ತಾಳಂಗಿಲ್ಲ. ಅದರ ಪವರ್ ಲೆಕ್ಕ ಹಾಕೋದು 25 ಡಿಗ್ರಿಗೆ, ಮೈ ಕಾದಂಗೆಲ್ಲಾ ಕರೆಂಟ್ ಕಮ್ಮಿ ಕೊಡ್ತದ. ಮಧ್ಯಾಹ್ನಕ್ಕ ಅದೂ ನಮ್ಮಂಗೇ ಸುಸ್ತು.

ಆಮ್ಯಾಲ ಒಬ್ಬ ಅಣ್ಣ ಎದ್ದು ಊರ ಚಂದ ಹಾಳಾಗ್ತದ ಅಂದ. ಯಾವ ಚಂದಪ್ಪಾ? ಆ ಕಡೆ ಪರ್ಸಿ ಕಲ್ಲಿನ ಖಣಿ, ಈ ಕಡೆ ಸಿಮೆಂಟ್ ಫ್ಯಾಕ್ಟರಿ ಚಿಮಣಿ, ಒಣಗ ಹಾಕಿದ ಅಂಗಿ ಸಂಜಿಗೆ ಝಾಡಿಸಿದ್ರ ಬೂದಿ ಉದುರ್ತದ, ನಮ್ಮವ್ವ ಮಾಳಗಿ ಮ್ಯಾಲ ಹಪ್ಪಳ ಹಾಕೋದೇ ಬಿಟ್ಟಾಳ, ಅದರ ಸಲುವಾಗಿ ಈ ಕಟ್ಟಿ ಮ್ಯಾಲ ಒಂದಿನಾನೂ ಮೈಕ್ ಬಂದಿಲ್ಲ. ಧೂಳು ಚಂದದ ಲೆಕ್ಕದಾಗ ಬರ್ತದೋ ಏನೋ.

ಕೇಳೋ ಮಾತು ಇಲ್ಲ ಅಂತಲ್ಲ. ತುಮಕೂರು ಕಡೆ ಪಾವಗಡದಾಗ ಸೋಲಾರ್ ಪಾರ್ಕಿಗಂತ 13,000 ಎಕರೆ ಲೀಸಿಗೆ ಹೋಯ್ತು, ಎಕರೆಗೆ ವರ್ಷಕ್ಕ 21,000 ರೂಪಾಯಿಂದ ಶುರು, ಹೊಲ ಇದ್ದವ್ರಿಗೆ ಬಾಡಿಗಿ ಬಂತು, ಆ ಹೊಲದಾಗ ಕಳಿ ತೆಗಿತಿದ್ದವ್ರಿಗೆ ಏನೂ ಬರಲಿಲ್ಲ. ನಮ್ ಕೂಲಿಯವ್ರ ಗತಿ ಏನು, ಪ್ಲೇಟ್ ತೊಳಿಲಿಕ್ಕ ನೀರು ಯಾವ ಬೋರಿಂದು, ಕರಾರು ಪತ್ರ ಕನ್ನಡದಾಗ ಅದನೋ ಇಲ್ಲೋ, ಇವು ಯಾರ ಬಾಯಾಗೂ ಇಲ್ಲ. ಹಿಂದ ಕುಂತಿದ್ದ ಒಬ್ಬಾಕಿ ಮುದುಕಿ ಮಾತ್ರ 'ನನ್ ಕುರಿ ಎಲ್ಲಿ ಮೇಯಿಸ್ಲೋ ತಮ್ಮಾ' ಅಂದ್ಲು, ಅಷ್ಟ್ರಾಗ ಕರೆಂಟ್ ಹೋಯ್ತು, ಮೈಕ್ ಬಂದ್.

ಕಾಕಾ ಲೈನ್‌ಮನ್‌ಗೆ ಫೋನ್ ಹಚ್ಚಿ 'ದಿನಾ ಇದೇ ಹಣೆಬರನಾ ನಿಮ್ದು, ಕರೆಂಟ್ ಯಾವಾಗ ಕೊಡ್ತೀರಿ' ಅಂತ ಒದರ್ಲಿಕತ್ರು. ಮುದುಕಿ ಮತ್ತ ಕುರಿ ಮಾತು ತೆಗದ್ಲು.

'ತಡಿ ಆಯಿ, ಮೈಕ್ ಬರ್ಲಿ' ಅಂದ್ರು.