ಮೊದಲ ದಿನ ಆರೇ ಜನ

2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಆರೋಗ್ಯ ವಿಮೆ ಕೊಳ್ಳುವವರಿಗಾಗಿ 'ಹೆಲ್ತ್‌ಕೇರ್ ಡಾಟ್ ಗವ್' ಅನ್ನೋ ವೆಬ್‌ಸೈಟ್ ಶುರು ಮಾಡಿತು. ಲಕ್ಷಾಂತರ ಜನ ಮುಗಿಬಿದ್ದರು. ಆ ದಿನ ವಿಮೆ ಮಾಡಿಸಿಕೊಳ್ಳಲು ಆಗಿದ್ದು ಆರು ಜನಕ್ಕೆ. ಹೌದು, ಆರೇ.

"ಜನ ಜಾಸ್ತಿ ಬಂದರು, ಸೈಟ್ ತಡೆಯಲಿಲ್ಲ" ಅನ್ನೋದು ಮೊದಲು ಬಂದ ಸಮಜಾಯಿಷಿ. ನಮ್ಮಲ್ಲೂ ಕೊನೇ ದಿನಾಂಕದಂದು ಪೋರ್ಟಲ್ ಮಕಾಡೆ ಮಲಗಿದರೆ ಇದೇ ಮಾತು. ನಾನಂತೂ ಒಪ್ಪುವುದಿಲ್ಲ. ಜನ ಬರಲಿ ಅಂತ ತಾನೇ ಕಟ್ಟಿದ್ದು?

ಒಳಗಿನ ಕಥೆ ಬೇರೆಯೇ ಇತ್ತು. ಐವತ್ತಕ್ಕೂ ಹೆಚ್ಚು ಗುತ್ತಿಗೆ ಕಂಪನಿಗಳು ಒಂದೊಂದು ತುಂಡು ಮಾಡಿದ್ದವು. ಅವನ್ನೆಲ್ಲ ಜೋಡಿಸುವ ಹೊಣೆ ಹೊತ್ತ ಸರ್ಕಾರಿ ಸಂಸ್ಥೆಗೆ ಅಂಥ ಕೆಲಸದ ಅನುಭವ ಅಷ್ಟಕ್ಕಷ್ಟೇ. ಇಡೀ ಸೈಟನ್ನು ಮೊದಲಿಂದ ಕೊನೆವರೆಗೆ ಒಟ್ಟಿಗೆ ಟೆಸ್ಟ್ ಮಾಡಿದ್ದು ಬಿಡುಗಡೆಗೆ ಎರಡು ವಾರ ಉಳಿದಾಗ. ತಿಂಗಳುಗಟ್ಟಲೆ ಸಮಯ ಬೇಕಿತ್ತು ಅಂತ ಗುತ್ತಿಗೆದಾರರೇ ಆಮೇಲೆ ಸಂಸತ್ ಸಮಿತಿಯ ಮುಂದೆ ಹೇಳಿದರು. ಇದರ ಜೊತೆಗೆ ಪ್ಲಾನುಗಳ ದರ ನೋಡಬೇಕಾದರೂ ಮೊದಲು ಅಕೌಂಟ್ ಮಾಡಿಕೊಳ್ಳಬೇಕು ಅಂತ ತಡವಾಗಿ ಬಂದ ಒಂದು ತೀರ್ಮಾನ. ಸುಮ್ನೆ ನೋಡಿ ಹೋಗೋಣ ಅಂತ ಬಂದವರೂ ಲಾಗಿನ್ನಿನಲ್ಲೇ ಸಿಕ್ಕಿಹಾಕಿಕೊಂಡರು. ಇದು ಕೋಡ್ ಬರೆದವರ ತಪ್ಪಲ್ಲ, ಅಲ್ವಾ?

ಆಮೇಲೆ ರಿಪೇರಿಗೆ ಬಂದವರಲ್ಲಿ ಗೂಗಲ್‌ನ ಮೈಕಿ ಡಿಕರ್ಸನ್ ಒಬ್ಬರು. ನೋಡಿದರೆ, ಸೈಟ್ ಹೇಗೆ ನಡೆಯುತ್ತಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡ್ ಕೂಡ ಇರಲಿಲ್ಲ! ಮೊದಲು ಅದನ್ನು ಹಾಕಿದರು. ದಿನಕ್ಕೆರಡು ಮೀಟಿಂಗ್ ಶುರುವಾದವು. ಇಲ್ಲಿ ಸಮಸ್ಯೆ ಬಿಡಿಸೋಣ, ತಪ್ಪು ಯಾರದು ಅನ್ನೋ ಜಗಳ ಬೇರೆ ಕಡೆ ಆಡಿ ಅನ್ನೋದು ಒಂದು ನಿಯಮ. ವಿಷಯ ಗೊತ್ತಿರುವವರು ಮಾತಾಡಬೇಕು, ದೊಡ್ಡ ಹುದ್ದೆಯವರಲ್ಲ ಅನ್ನೋದು ಇನ್ನೊಂದು. (ಈ ಎರಡನೆಯದನ್ನು ನಮ್ಮ ಆಫೀಸುಗಳಲ್ಲಿ ಜಾರಿಗೆ ತಂದರೆ ಅರ್ಧ ಮೀಟಿಂಗುಗಳು ಮೌನವಾಗಿ ಮುಗಿದಾವು.) ಡಿಸೆಂಬರ್ ಹೊತ್ತಿಗೆ ಬಹುತೇಕ ಜನರಿಗೆ ಸೈಟ್ ಕೆಲಸ ಮಾಡತೊಡಗಿತು.

ವೆಬ್ ಎಂಜಿನಿಯರಿಂಗ್ ಅಂದರೆ ವರ್ಷಕ್ಕೊಂದು ಹೊಸ ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಬಳಸುವ ಸಿದ್ಧ ಕೋಡಿನ ಚೌಕಟ್ಟು) ಕಲಿಯುವುದು ಅಂದುಕೊಂಡ ಹುಡುಗರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ. ಡೆವಲಪ್‌ಮೆಂಟ್ ಎರಡು ವಾರ ತಡವಾದರೆ ಆ ಎರಡು ವಾರವನ್ನು ಟೆಸ್ಟಿಂಗಿನಿಂದಲೇ ಕತ್ತರಿಸುತ್ತಾರೆ. ರಿಲೀಸ್ ದಿನ ಮಾತ್ರ ಕದಲುವುದಿಲ್ಲ. ನನ್ನ ಹಟ ಒಂದೇ. ಲಾಗಿನ್, ಒಂದು ಫಾರ್ಮ್, ಒಂದು ಸೇವ್ ಬಟನ್, ಇಷ್ಟನ್ನು ಮೊದಲ ತಿಂಗಳಲ್ಲೇ ಪೂರ್ತಿ ಜೋಡಿಸಿ, ಸಾವಿರಾರು ಜನ ಒಟ್ಟಿಗೆ ಬಂದಂತೆ ಲೋಡ್ ಹಾಕಿ ನೋಡಬೇಕು. ಅಲ್ಲಿವರೆಗೆ ಮುಂದಿನ ಸ್ಕ್ರೀನಿಗೆ ಕೈ ಹಚ್ಚಬಾರದು. ಮ್ಯಾನೇಜರ್ ಮುಖ ಊದಿಸಿಕೊಂಡರೂ ಸರಿ.