ಸೇತ ಹುಟ್ಟಿದಾಗ ಆದಾಮನಿಗೆ ಎಷ್ಟು ವರ್ಷ?

ಕಳೆದ ತಿಂಗಳು ನಮ್ಮ ಕ್ರೈಸ್ತ ಸಭೆಯ ಯುವಜನ ಕೂಟಕ್ಕೆ ಹೊರಗಿನಿಂದ ಒಬ್ಬ ಪ್ರಸಂಗಿಯನ್ನು ಕರೆಸಿದ್ದರು. ಒಳ್ಳೆ ಮಾತುಗಾರರು. ಲ್ಯಾಪ್‌ಟಾಪು, ಪ್ರೊಜೆಕ್ಟರು ಎಲ್ಲ ಅವರೇ ತಂದಿದ್ದರು. ವಿಷಯ ಏನಪ್ಪಾ ಅಂದರೆ, ಭೂಮಿಗೆ ವಯಸ್ಸು ಬರೀ ಆರು ಸಾವಿರ ವರ್ಷ. ಸ್ಲೈಡುಗಳೆಲ್ಲ ಅಮೆರಿಕದವು. ಡೈನೋಸಾರ್ ಪಕ್ಕದಲ್ಲಿ ಮಕ್ಕಳು ಆಡುತ್ತಿರುವ ಚಿತ್ರವೂ ಇತ್ತು.

ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸಂಡೇ ಸ್ಕೂಲಿನಲ್ಲಿ ನನ್ನ ಹತ್ತಿರವೇ ವಾಕ್ಯ ಬಾಯಿಪಾಠ ಮಾಡಿದವಳು. "ಹಾಗಾದರೆ ಲಾಲ್‌ಬಾಗ್ ಬಂಡೆಗೆ ಎಷ್ಟು ವರ್ಷ ಸರ್?" ಅಂದಳು. ಅವರು ನಕ್ಕರು. "ನಿನಗೆ ದೇವರ ವಾಕ್ಯ ಮುಖ್ಯವೋ, ಕಾಲೇಜಿನ ಪುಸ್ತಕ ಮುಖ್ಯವೋ, ಮೊದಲು ಅದನ್ನು ಹೇಳಮ್ಮ" ಅಂದರು. ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಅವಳು ಕೂತುಬಿಟ್ಟಳು.

ನಾನೂ ಸುಮ್ಮನೇ ಇದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದ ಮನುಷ್ಯ ನಾನು. ಮುಂದಿನ ಸಾಲಿನಲ್ಲೇ ಕೂತಿದ್ದೆ. ಅವತ್ತು ಬಾಯಿ ಬಿಡಲಿಲ್ಲ, ಅದಕ್ಕೇ ಈಗ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಆರು ಸಾವಿರದ ಲೆಕ್ಕ ಎಲ್ಲಿಂದ ಬಂತು ನೋಡೋಣ. ಐರ್ಲೆಂಡಿನ ಅರ್ಮಾ ಎಂಬ ಊರಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಕ್ರಿಸ್ತಪೂರ್ವ 4004ರ ಅಕ್ಟೋಬರ್ 23ಕ್ಕೆ ಸೃಷ್ಟಿಯ ಮೊದಲ ದಿನ ಎಂದು ಲೆಕ್ಕ ಹಾಕಿದರು. ಈಗ ಅದನ್ನು ಹೇಳಿದರೆ ಜನ ನಗುತ್ತಾರೆ. ನಾನು ನಗುವುದಿಲ್ಲ. ಅಷರ್ ಸೋಮಾರಿಯಲ್ಲ. ಸತ್ಯವೇದದ (ಬೈಬಲಿನ) ವಂಶಾವಳಿಗಳಲ್ಲಿ ಮಗ ಹುಟ್ಟಿದಾಗ ತಂದೆಗಿದ್ದ ವಯಸ್ಸುಗಳನ್ನು ಕೂಡಿಸಿ ಕೈ ತೊಳೆದುಕೊಂಡವರೂ ಅಲ್ಲ. ವಂಶಾವಳಿ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಅವರು ಬಾಬೆಲಿನ ರಾಜರ ಪಟ್ಟಿ, ಪರ್ಷಿಯಾದ, ಗ್ರೀಸಿನ, ರೋಮಿನ ಇತಿಹಾಸ ಎಲ್ಲ ಕಲೆಹಾಕಿದರು. ಬಾಬೆಲಿನ ರಾಜ ನೆಬೂಕದ್ನೆಚ್ಚರ ಸತ್ತದ್ದು ಯಾವಾಗ ಎಂದು ಹೊರಗಿನ ದಾಖಲೆಯಿಂದ ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿದರು. ಆ ಕಾಲದಲ್ಲಿ ಸಿಗಬಹುದಾದ ಅತ್ಯುತ್ತಮ ವಿದ್ವತ್ತನ್ನೆಲ್ಲ ಅವರು ಬಳಸಿಕೊಂಡರು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಕೂಡ ಹತ್ತಿರ ಹತ್ತಿರ ಅದೇ ಲೆಕ್ಕಕ್ಕೆ ಬಂದಿದ್ದ.

ನಮ್ಮವರು ಅಷರ್ ಅವರ ಉತ್ತರ ಇಟ್ಟುಕೊಂಡರು. ಅವರ ಅಭ್ಯಾಸ ಬಿಸಾಡಿದರು. ಗೊತ್ತಿದ್ದವರನ್ನು ಕೇಳುವ ಅಭ್ಯಾಸ.

ಇನ್ನೊಂದು ವಿಷಯ ಇದೆ. ಇದನ್ನು ಆ ಪ್ರಸಂಗಿಯನ್ನು ಕೇಳಬೇಕಿತ್ತು, ಮನೆಗೆ ಬಂದ ಮೇಲೆ ನೆನಪಾಯಿತು. ಆದಾಮನ ಮಗ ಸೇತ ಹುಟ್ಟಿದಾಗ ಆದಾಮನಿಗೆ ಎಷ್ಟು ವರ್ಷ? ನಮ್ಮ ಕನ್ನಡ ಸತ್ಯವೇದ ಹೀಬ್ರೂ ಮೂಲವನ್ನು ಅನುಸರಿಸುತ್ತದೆ, ಅದರಲ್ಲಿ 130. ಕ್ರಿಸ್ತನಿಗಿಂತ ಮೊದಲೇ ಆದ ಗ್ರೀಕ್ ಅನುವಾದದಲ್ಲಿ 230. ಹೀಗೆ ಹಲವು ಪೂರ್ವಜರ ಹತ್ತಿರ ನೂರು ನೂರು ವರ್ಷ ಏರುತ್ತಾ ಹೋಗುತ್ತದೆ. ಅದಕ್ಕೇ ಗ್ರೀಕ್ ಓದಿಕೊಂಡಿದ್ದ ಪೂರ್ವದ ಸಭೆಗಳ ಪಂಚಾಂಗ ಕ್ರಿಸ್ತಪೂರ್ವ 5509ರಿಂದ ಶುರುವಾಗುತ್ತಿತ್ತು. ಅಲ್ಲಿಗೆ ಒಂದೂವರೆ ಸಾವಿರ ವರ್ಷ ವ್ಯತ್ಯಾಸ! ಹೊಸ ಒಡಂಬಡಿಕೆ ಬರೆದವರು ಹಳೆಯ ಒಡಂಬಡಿಕೆಯ ಮಾತು ತರುವಾಗ ಹೆಚ್ಚಾಗಿ ಆ ಗ್ರೀಕನ್ನೇ ಬಳಸಿದ್ದಾರೆ. ಹಾಗಾದರೆ ಯಾವ ಲೆಕ್ಕಕ್ಕೆ ಆಮೆನ್ ಅನ್ನಬೇಕು? ಇದನ್ನು ಕಂಡುಹಿಡಿದದ್ದು ಯಾವ ನಾಸ್ತಿಕನೂ ಅಲ್ಲ. ಸತ್ಯವೇದವನ್ನು ಪ್ರೀತಿಸಿ, ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದಿದ ದೇವಭಕ್ತರು. ಅಷರ್‌ಗೂ ಇದು ಚೆನ್ನಾಗಿ ಗೊತ್ತಿತ್ತು.

"ಸಾವಿರಾರು ವರ್ಷದಿಂದ ಸಭೆ ನಂಬಿಕೊಂಡು ಬಂದದ್ದು ಇದನ್ನೇ" ಎಂದೂ ಆ ಪ್ರಸಂಗಿ ಹೇಳಿದರು. ಅರ್ಧ ನಿಜ. ಆದಿ ಸಭೆಯ ದೊಡ್ಡ ಬೋಧಕರಾದ ಅಗಸ್ಟೀನ್ ಕೂಡ ಜಗತ್ತಿಗೆ ಇನ್ನೂ ಆರು ಸಾವಿರ ವರ್ಷ ತುಂಬಿಲ್ಲ ಎಂದೇ ತಿಳಿದಿದ್ದರು. ಆಗ ಬೇರೆ ತಿಳಿಯಲು ಕಾರಣವೇ ಇರಲಿಲ್ಲವಲ್ಲ. ಆದರೆ ಸೃಷ್ಟಿಯ ದಿನಗಳು ನಮ್ಮ ದಿನಗಳಂಥವೇ ಎಂದು ಅವರು ಒಪ್ಪಲಿಲ್ಲ. ಸೂರ್ಯನನ್ನು ಉಂಟುಮಾಡಿದ್ದೇ ನಾಲ್ಕನೆಯ ದಿನ, ಹಾಗಿದ್ದ ಮೇಲೆ ಮೊದಲ ಮೂರು ದಿನದ ಸಾಯಂಕಾಲ, ಪ್ರಾತಃಕಾಲ ಎಂದರೆ ಏನು? ಅವರಿಗಿಂತ ಮೊದಲು ಒರಿಗೆನ್ ಎಂಬ ಇನ್ನೊಬ್ಬ ಬೋಧಕರು ಇದೇ ಪ್ರಶ್ನೆ ಎತ್ತಿದ್ದರು. ಅಗಸ್ಟೀನ್ ಇನ್ನೂ ಒಂದು ಮಾತು ಬರೆದಿಟ್ಟಿದ್ದಾರೆ. ಭೂಮಿ, ಆಕಾಶದ ವಿಷಯ ಚೆನ್ನಾಗಿ ತಿಳಿದ ಅವಿಶ್ವಾಸಿಯ ಮುಂದೆ ಕ್ರೈಸ್ತನೊಬ್ಬ ಸತ್ಯವೇದದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ವಿಷಯ ಹೇಳುವಾಗ ಅವನು ಹೇಗೆ ನಂಬುತ್ತಾನೆ ಎಂಬ ಅರ್ಥದ ಮಾತು. ಹದಿನಾರು ನೂರು ವರ್ಷ ಹಿಂದಿನದು.

ಬಂಡೆಗಳನ್ನು ಓದಲು ಕಲಿತ ಮೇಲೆ ಸಭೆಗಳು ಬೆಚ್ಚಿಬಿದ್ದವು ಅಂದುಕೊಂಡಿದ್ದೀರಾ? ಬಹುಪಾಲು ಹಾಗೆ ಆಗಲಿಲ್ಲ. ಒಂದರ ಮೇಲೊಂದು ಕೂತ ಪದರಗಳಲ್ಲಿ ಕೆಳಗಿನದೇ ಹಳೆಯದು ಎಂದು 1669ರಲ್ಲಿ ಹೇಳಿದ ಡೆನ್ಮಾರ್ಕಿನ ವಿಜ್ಞಾನಿ ಸ್ಟೀನೋ ಮುಂದೆ ಬಿಷಪ್ ಆದರು. ಟಿಪ್ಪಣಿಗಳಿರುವ ಸ್ಕೋಫೀಲ್ಡ್ ಬೈಬಲ್ ಎಂದರೆ ನಮ್ಮ ಹಳೆಯ ಕನ್ವೆನ್ಶನ್ ಪ್ರಸಂಗಿಗಳಿಗೆ ಪ್ರಾಣ. ನನ್ನ ಮಾವನವರ ಹತ್ತಿರವೂ ಒಂದಿತ್ತು, ರಟ್ಟು ಹರಿದು ಹೋಗಿತ್ತು. 1909ರ ಆ ಬೈಬಲಿನ ಟಿಪ್ಪಣಿಯೇ ಸೃಷ್ಟಿಯ ಕಥೆ ಇರುವ ಆದಿಕಾಂಡದ ಮೊದಲ ಮತ್ತು ಎರಡನೆಯ ವಚನಗಳ ನಡುವೆ ಎಷ್ಟು ಬೇಕಾದರೂ ಕಾಲ ಹಿಡಿಸುವಷ್ಟು ಜಾಗ ಬಿಟ್ಟಿದೆ. 1925ರಲ್ಲಿ ಅಮೆರಿಕದ ಟೆನೆಸಿಯ ಡೇಟನ್ ಊರಿನ ಕೋರ್ಟಿನಲ್ಲಿ ವಿಕಾಸವಾದದ ವಿರುದ್ಧ ನಿಂತ ರಾಜಕಾರಣಿ ಬ್ರಯಾನ್ ಕೂಡ, ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಸಾಕ್ಷಿಪೆಟ್ಟಿಗೆಯಲ್ಲೇ ಒಪ್ಪಿಕೊಂಡ.

ಹಾಗಾದರೆ ಈಗಿನ ಈ ಹಠ ಎಲ್ಲಿಂದ? ಇದಕ್ಕೆ ನೂರು ವರ್ಷದ ಇತಿಹಾಸ ಅಷ್ಟೆ. ಜಾರ್ಜ್ ಮ್ಯಾಕ್‌ಕ್ರೆಡಿ ಪ್ರೈಸ್ ಎಂಬ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ಮೇಷ್ಟ್ರು ಎಲ್ಲ ಪದರಗಳನ್ನೂ ನೋಹನ ಜಲಪ್ರಳಯಕ್ಕೇ ಕಟ್ಟಿ 1923ರಲ್ಲಿ ಒಂದು ಪಠ್ಯಪುಸ್ತಕ ಬರೆದರು. ಭೂವಿಜ್ಞಾನವನ್ನು ಅವರು ಎಲ್ಲೂ ಕ್ರಮವಾಗಿ ಕಲಿತಿರಲಿಲ್ಲ. 1961ರಲ್ಲಿ ವಿಟ್‌ಕಂಬ್, ಮಾರಿಸ್ ಎಂಬಿಬ್ಬರು ಅದೇ ವಾದವನ್ನು ಹೊಸದಾಗಿ ಕಟ್ಟಿ ಪುಸ್ತಕ ತಂದರು. ಒಬ್ಬರು ಹಳೆಯ ಒಡಂಬಡಿಕೆಯ ಮೇಷ್ಟ್ರು, ಇನ್ನೊಬ್ಬರು ನೀರಿನ ಹರಿವಿನ ವಿಷಯ ಓದಿದ ಎಂಜಿನಿಯರ್. ಬೆಂಕಿ ಹತ್ತಿದ್ದು ಅಲ್ಲಿಂದ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 2024ರಲ್ಲೂ ಅಮೆರಿಕದವರಲ್ಲಿ ಶೇ. 37 ಮಂದಿ, ಕಳೆದ ಹತ್ತು ಸಾವಿರ ವರ್ಷದ ಒಳಗೆ ದೇವರು ಮನುಷ್ಯನನ್ನು ಈಗಿರುವ ರೂಪದಲ್ಲೇ ಸೃಷ್ಟಿಸಿದ ಎನ್ನುತ್ತಾರೆ. ಕೆಂಟಕಿಯಲ್ಲಿ ಮ್ಯೂಸಿಯಂ ಇದೆ, ಅಳತೆಗೆ ತಕ್ಕ ನೋಹನ ನಾವೆಯೂ ಇದೆ. ಅಲ್ಲಿನ ವಿಡಿಯೋ ಇಲ್ಲಿ ವಾಟ್ಸಾಪಿಗೆ ಬರುವುದಕ್ಕೆ ಎಷ್ಟು ಹೊತ್ತು?

ನನಗೆ ಜಾಸ್ತಿ ನೋವಾಗುವುದು ಆ ನಾವೆಯಿಂದಲ್ಲ. ಒಳಗಿನವರಿಗೆ ಆದದ್ದು ನೋಡಿ. ಲಾರೆನ್ಸ್ ಕಲ್ಪ್ ಎಂಬ ವಿಜ್ಞಾನಿ ವೀಟನ್ ಎಂಬ ಇವ್ಯಾಂಜೆಲಿಕಲ್ ಕಾಲೇಜಿನಲ್ಲಿ ಓದಿದವರು, ವಿಶ್ವಾಸಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಬನ್ ಕಾಲಗಣನೆಯ ಪ್ರಯೋಗಾಲಯ ಕಟ್ಟಿದವರು. 1950ರಲ್ಲೇ, ಕ್ರೈಸ್ತ ವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲೇ, ಜಲಪ್ರಳಯದ ಭೂವಿಜ್ಞಾನ ಯಾಕೆ ನಿಲ್ಲುವುದಿಲ್ಲ ಎಂದು ಬರೆದರು. ಹನ್ನೊಂದು ವರ್ಷದ ನಂತರ ಜನ ಕೈಗೆತ್ತಿಕೊಂಡದ್ದು ಎಂಜಿನಿಯರ್ ಸಾಹೇಬರ ಪುಸ್ತಕವನ್ನು. ಮನೆಯ ಡಾಕ್ಟರನ್ನು ಬಿಟ್ಟು ಪಕ್ಕದ ಬೀದಿಯ ಕಂಪೌಂಡರ್ ಹತ್ತಿರ ಓಡಿದ ಹಾಗೆ.

ಬ್ರೂಸ್ ವಾಲ್ಟ್‌ಕಿ ಕಥೆ ಇನ್ನೂ ಹತ್ತಿರದ್ದು. ಹೀಬ್ರೂ ವಿದ್ವಾಂಸರಲ್ಲಿ ದೊಡ್ಡ ಹೆಸರು, ತೀರಾ ಸಂಪ್ರದಾಯಸ್ಥರು. 2010ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಒಂದು ಚಿಕ್ಕ ವಿಡಿಯೋದಲ್ಲಿ ಮಾತಾಡಿದರು. ವಿಕಾಸದ ಕಡೆಗೆ ಪುರಾವೆ ಅಷ್ಟೊಂದು ಇದ್ದು, ಸಭೆ ಅದನ್ನು ಒಪ್ಪದೇ ಕೂತರೆ ಲೋಕದ ಜೊತೆ ಮಾತೇ ಇಲ್ಲದ ಒಂದು ಗುಂಪಾಗಿಬಿಡುತ್ತದೆ ಎಂಬ ಧಾಟಿಯಲ್ಲಿ. ಸ್ವಲ್ಪ ದಿನದಲ್ಲೇ ತಾವು ಕಲಿಸುತ್ತಿದ್ದ ಸೆಮಿನರಿಗೆ ರಾಜೀನಾಮೆ ಕೊಡಬೇಕಾಯಿತು. ಅವರು ಆದಿಕಾಂಡವನ್ನು ಅಲ್ಲಗಳೆದಿರಲಿಲ್ಲ. ಅದರ ಮೇಲೆ ದಪ್ಪ ವ್ಯಾಖ್ಯಾನ ಬರೆದವರು.

ಸರಿ, ಲಾಲ್‌ಬಾಗ್‌ಗೆ ಬರುತ್ತೇನೆ. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫಲಕ ಹೇಳುತ್ತದೆ. "ಯಾರು ಹೋಗಿ ನೋಡಿದ್ದರು?" ಎಂದು ಕೇಳುವವರಿಗೆ ಮೇಷ್ಟ್ರಾಗಿ ಒಂದೇ ಒಂದು ಪಾಠ. ಇಂಥ ಕಲ್ಲುಗಳಲ್ಲಿ ಜಿರ್ಕಾನ್ ಎಂಬ ಪುಟಾಣಿ ಹರಳುಗಳಿರುತ್ತವೆ. ಹುಟ್ಟುವಾಗ ಅವು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಹೆಚ್ಚುಕಡಿಮೆ ಬಿಟ್ಟುಕೊಳ್ಳುವುದೇ ಇಲ್ಲ. ಆಮೇಲೆ ಯುರೇನಿಯಂ ತಾನೇ ಕ್ಷಯಿಸಿ ಸೀಸವಾಗುತ್ತಾ ಹೋಗುತ್ತದೆ. ಈಗ ಒಳಗೆ ಉಳಿದ ಯುರೇನಿಯಂಗೆ ಹೋಲಿಸಿ ಸೀಸ ಎಷ್ಟಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಚೆಂದ ಏನೆಂದರೆ, ಅದರಲ್ಲಿ ಎರಡು ಗಡಿಯಾರ ಇವೆ. ಒಂದು ಬಗೆಯ ಯುರೇನಿಯಂ ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ. ವೇಗ ಬೇರೆ ಬೇರೆ. ಕೆಡದೆ ಉಳಿದ ಹರಳಿನಲ್ಲಿ ಎರಡೂ ಒಂದೇ ವಯಸ್ಸು ಹೇಳುತ್ತವೆ. ಸುಳ್ಳು ಸಾಕ್ಷಿಗಳಿಬ್ಬರು ಹೀಗೆ ಒಪ್ಪಂದಕ್ಕೆ ಬರುವುದು ಸುಲಭವೇ?

ಯುವ ಭೂಮಿಯ ವಾದಿಗಳಲ್ಲೂ ಓದಿದ ವಿಜ್ಞಾನಿಗಳಿದ್ದಾರೆ. ಅವರೇ ಸೇರಿ 1997ರಿಂದ 2005ರವರೆಗೆ ಇದನ್ನು ಪರೀಕ್ಷೆ ಮಾಡಿದರು. ಈಗಿನ ವೇಗದಲ್ಲಾದರೆ 50 ಕೋಟಿ ವರ್ಷಕ್ಕೂ ಮೀರಿದಷ್ಟು ಕ್ಷಯ ಬಂಡೆಗಳಲ್ಲಿ ನಡೆದಿದೆ ಎಂದು ಅವರೂ ಒಪ್ಪಿದರು. ಆದರೆ ಹಿಂದೆ ವೇಗ ವಿಪರೀತ ಹೆಚ್ಚಿತ್ತು ಎಂದರು. ಹಾಗಿದ್ದರೆ ಹೊರಟ ಶಾಖಕ್ಕೆ ಭೂಮಿ ಉಳಿಯುತ್ತಿತ್ತಾ ಎಂಬುದಕ್ಕೆ ಉತ್ತರ ಇನ್ನೂ ಬೇಕು ಎಂದು ಪ್ರಾಮಾಣಿಕವಾಗಿ ಬರೆದರು ಕೂಡ. ಈ ಭಾಗ ಮಾತ್ರ ನಮ್ಮ ಪ್ರೊಜೆಕ್ಟರಿನಲ್ಲಿ ಬರಲಿಲ್ಲ.

ಎದುರಿನವರ ಮಾತಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ ನಾನು. ಒಬ್ಬ ಮನುಷ್ಯನಿಂದ ಪಾಪ, ಪಾಪದಿಂದ ಮರಣ ಬಂತು ಎಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಆದಾಮನಿಗಿಂತ ಮೊದಲೇ ಕೋಟ್ಯಂತರ ವರ್ಷ ಪ್ರಾಣಿಗಳು ಸಾಯುತ್ತಾ ಬಂದಿದ್ದರೆ ಆ ಮಾತನ್ನು ಹೇಗೆ ಓದಬೇಕು? ಇದು ನಿಜವಾದ ಪ್ರಶ್ನೆ. ನನ್ನ ನಿದ್ದೆಯನ್ನೂ ಕೆಡಿಸಿದೆ. ಪೌಲನು ಅಲ್ಲಿ ಹೇಳುತ್ತಿರುವುದು ಮನುಷ್ಯನ ಮರಣದ ಮಾತು ಎಂದು ಕೆಲವರು ಓದುತ್ತಾರೆ. ನನಗೆ ಅದು ಮುಕ್ಕಾಲು ಸಮಾಧಾನ, ಪೂರ್ತಿಯಲ್ಲ. ಇದನ್ನು ದೇವಶಾಸ್ತ್ರ ಓದಿದವರು ನಮ್ಮ ಜೊತೆ ಕೂತು ಬಿಡಿಸಬೇಕು. ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ. ಅಲ್ಲಿ ಓದಿ ಬಂದ ನಮ್ಮ ಸಭಾಪಾಲಕರಾದ ಅಯ್ಯನವರಿಗೆ ಇದೆಲ್ಲ ಗೊತ್ತಿಲ್ಲವೇ? ಗೊತ್ತು. ಆದರೆ ಪೀಠ ಹತ್ತಿದ ಮೇಲೆ ಹೇಳುವುದಿಲ್ಲ. ಜನರ ವಿಶ್ವಾಸ ಅಲುಗಾಡುತ್ತದೆ ಎಂಬ ಭಯ. ಹಾಗೆ ಅವರು ಹೇಳದೇ ಬಿಟ್ಟ ಜಾಗಕ್ಕೇ ಯೂಟ್ಯೂಬ್ ಬಂದು ಕೂತದ್ದು. ಓದಿದವರಲ್ಲೂ ತಪ್ಪಿದೆ. ಆರು ದಿನ ನಂಬುವ ಅಜ್ಜಿಯನ್ನು ಕಂಡರೆ ಮೂಗು ಮುರಿಯುತ್ತಾರೆ. ಆ ಅಜ್ಜಿಯ ಪ್ರಾರ್ಥನೆಯಿಂದಲೇ ಫೀಸು ಕಟ್ಟಿಸಿಕೊಂಡು ಓದಿದವರು!

ನಮ್ಮದೇನು ಓದಿಗೆ ಹೆದರುವ ಪರಂಪರೆಯಾ? ಸುವಾರ್ತೆ ಸಾರಲು ಬಂದ ಕಿಟ್ಟೆಲ್ ಜೈನರ, ವೀರಶೈವರ ಹಳಗನ್ನಡ ಗ್ರಂಥಗಳನ್ನು ವರ್ಷಗಟ್ಟಲೆ ಓದಿ, ಪಂಡಿತರನ್ನು ಕೇಳಿ, 1894ರಲ್ಲಿ ನಿಘಂಟು ಕೊಟ್ಟರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕೇಳಲು ಅವರಿಗೆ ನಾಚಿಕೆಯಾಗಲಿಲ್ಲ.

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಆ ಹುಡುಗಿಯ ಹತ್ತಿರ ಹೋಗಿ, ಅವತ್ತು ನಾನು ಸುಮ್ಮನಿದ್ದದ್ದು ತಪ್ಪಾಯಿತು ಅಂದೆ. "ಪರವಾಗಿಲ್ಲ ಸರ್, ನಾನು ಮೊದಲೇ ಎರಡು ವಾರ ಬರಬಾರದು ಅಂದುಕೊಂಡಿದ್ದೆ" ಅಂದಳು. ಮತ್ತೆ ಯಾಕೆ ಬಂದೆ ಎಂದು ಕೇಳಲಿಲ್ಲ. ಕ್ವಾಯರ್‌ನಲ್ಲಿ ಆಲ್ಟೊ ಹಾಡುವವರು ಕಡಿಮೆ, ಅದಕ್ಕೇ ಇರಬೇಕು.

ಅಯ್ಯನವರ ಹತ್ತಿರವೂ ಮಾತಾಡಿದೆ. ಮುಂದಿನ ಶನಿವಾರ ಬೆಳಿಗ್ಗೆ ಯುವಜನ ಕೂಟವನ್ನು ಲಾಲ್‌ಬಾಗ್ ಬಂಡೆಯ ಮೇಲೆ ಇಡೋಣ, ಅವಳು ಕಲ್ಲಿನ ವಿಷಯ ಹೇಳಲಿ, ನೀವು ಆದಿಕಾಂಡದ ಮೊದಲ ಅಧ್ಯಾಯ ಓದಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಮೆಟ್ಟಿಲು ಇದೆಯಾ? ನನಗೆ ಮಂಡಿ ನೋವು" ಅಂದರು.

ಮೆಟ್ಟಿಲೇ ಬೇಕಿಲ್ಲ ಅಯ್ಯನವರೇ, ಇಳಿಜಾರು ಬಂಡೆ, ನಿಧಾನಕ್ಕೆ ಹತ್ತಬಹುದು ಅಂದೆ. ಇಡ್ಲಿ ನಾನು ತರುತ್ತೇನೆ.